ಕುದುರೆ ಸರಿಯಾಗಿಯೇ ಹೇಳುತ್ತಾರೆ, ದುಡ್ಡು ಮಾತ್ರ ಉಳಿಯಲ್ಲ. ಯಾಕೆ?

ಮದ್ದೂರಿನವ:
ನಮ್ಮ ಸೋದರಮಾವ ಮೈಸೂರು ರೇಸ್ ಅಂದರೆ ಬಿಡುವವರಲ್ಲ. ಯಾವ ಕುದುರೆ ಕಳೆದ ಸಲ ಎಷ್ಟು ತೂಕ ಹೊತ್ತಿತ್ತು, 1200 ಮೀಟರ್‌ಗೆ ಸರಿಯೋ 1600ಕ್ಕೆ ಸರಿಯೋ, ಎಲ್ಲ ಬಾಯಲ್ಲೇ ಇದೆ. ಅವರು ಹೇಳಿದ್ದು ಗೆಲ್ಲುವುದೂ ಜಾಸ್ತಿ. ಆದರೂ ಅತ್ತೆ ಹತ್ತಿರ ಬೈಸಿಕೊಳ್ಳುವುದು ತಪ್ಪಿಲ್ಲ. ಕುದುರೆ ಗೊತ್ತಿದ್ದರೆ ದುಡ್ಡು ಬರಬೇಕಲ್ವಾ?

ಟೋಟ್ ಕಿಟಕಿ:
ಚಾಮುಂಡಿ ಬೆಟ್ಟದ ಕೆಳಗೆ ಅದೇ ಕೋರ್ಸ್‌ನಲ್ಲಿ ಟಿಕೆಟ್ ಕೊಡುವ ಕೆಲಸ ಮಾಡಿದವನು ನಾನು. ಕುದುರೆ ಓದುವುದು ಒಂದು ವಿದ್ಯೆ, ದುಡ್ಡು ಕಟ್ಟುವುದು ಬೇರೆಯೇ ವಿದ್ಯೆ. ಹತ್ತು ರೇಸಿಗೆ ನೂರು ನೂರು ಕಟ್ಟಿ ನಾಲ್ಕು ಗೆದ್ದರು ಅನ್ನಿ. ಒಂದಕ್ಕೆ ಒಂದು, ಅಂದರೆ ಕಟ್ಟಿದ ನೂರರ ಜೊತೆ ಇನ್ನೊಂದು ನೂರು, ಸಿಕ್ಕರೆ ಕೈಗೆ 800, ನಷ್ಟ 200. ಅದೇ ಕುದುರೆಗಳಿಗೆ 2/1, ಅಂದರೆ ಒಂದಕ್ಕೆ ಎರಡು, ಸಿಕ್ಕಿದ್ದರೆ 1200, ಲಾಭ 200. ತೆರಿಗೆ ಬಿಟ್ಟು ಹೇಳಿದ್ದು.

ಟೋಟ್‌ನಲ್ಲಿ, ಅಂದರೆ ಕ್ಲಬ್ಬೇ ನಡೆಸುವ ಬೆಟ್ಟಿಂಗ್‌ನಲ್ಲಿ, ಎಲ್ಲರ ದುಡ್ಡೂ ಒಟ್ಟಿಗೆ ಬೀಳುತ್ತದೆ. ಕ್ಲಬ್ಬಿನ ಪಾಲು, ತೆರಿಗೆ ಮೊದಲು ಹೋಗುತ್ತವೆ. ಮಿಕ್ಕಿದ್ದು ಗೆದ್ದವರಿಗೆ. ಮಾವನಿಗೆ ಗೊತ್ತಿರುವುದು ಊರಿಗೆಲ್ಲ ಗೊತ್ತಿದ್ದರೆ ಡಿವಿಡೆಂಡ್, ಅಂದರೆ ಗೆದ್ದ ಟಿಕೆಟ್ಟಿಗೆ ಸಿಗುವ ಪಾಲು, ಚಿಲ್ಲರೆ ಕಾಸು.

ಒಬ್ಬ ಯಜಮಾನರು ಬರುತ್ತಿದ್ದರು. ಬುಕ್ಕಿ ದರ ಬರೆಯುವ ಬೋರ್ಡಿನ ಮುಂದೆ ಸುಮ್ನೆ ನಿಲ್ಲುತ್ತಿದ್ದರು. ತಾವು ಹಿಡಿದ ಕುದುರೆ 3/1 ಇದ್ದರೆ ಕಟ್ಟುವರು. 6/4ಕ್ಕೆ, ಅಂದರೆ ಒಂದಕ್ಕೆ ಒಂದೂವರೆಗೆ, ಇಳಿಯಿತೋ, ರೇಸ್ ಪುಸ್ತಕ ಮಡಚಿ ಕಂಕುಳಿಗೆ ಸಿಕ್ಕಿಸಿ ಕಾಫಿಗೆ ಹೊರಡುವರು. ಆ ಕುದುರೆ ಗೆದ್ದರೂ ಮುಖ ಸಪ್ಪಗಾಗುತ್ತಿರಲಿಲ್ಲ. ಉಳಿದವರು? ಕೊನೇ ರೇಸಿಗೆ ನನ್ನ ಕಿಟಕಿಯಲ್ಲಿ ನೂಕುನುಗ್ಗಲು. ಇಡೀ ದಿನದ ನಷ್ಟವನ್ನು ಅದೊಂದರಲ್ಲೇ ಎತ್ತಬೇಕು ಅನ್ನುವವರೇ ಎಲ್ಲ.

ಲೆಕ್ಕದ ಮೇಷ್ಟ್ರು, ಮಂಡ್ಯ:
ಎಷ್ಟು ಕಟ್ಟಬೇಕು ಅನ್ನುವುದಕ್ಕೂ ಸೂತ್ರ ಇದೆ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಜಾನ್ ಕೆಲ್ಲಿ 1956ರಲ್ಲಿ ಕೊಟ್ಟದ್ದು. ಕುದುರೆ ಗೆಲ್ಲುವ ಸಾಧ್ಯತೆ 40% ಅಂತ ನಿಮ್ಮ ಅಂದಾಜು, ದರ 2/1. ಆಗ ಕೈಯಲ್ಲಿರುವ ದುಡ್ಡಿನ 10% ಕಟ್ಟಬಹುದು. ದರ ಒಂದಕ್ಕೆ ಒಂದಾದರೆ ಒಂದು ಪೈಸೆಯೂ ಬೇಡ ಅನ್ನುತ್ತದೆ ಸೂತ್ರ. ಅಂದಾಜೇ ತಪ್ಪಿದ್ದರೆ ಕೆಲ್ಲಿ ಏನು ಮಾಡಿಯಾನು? ಅದಕ್ಕೇ ಸೂತ್ರ ಬಲ್ಲವರೂ ಅದರ ಅರ್ಧವನ್ನೇ ಕಟ್ಟುವುದುಂಟು.

ಹೆಬ್ಬಾಳದ ಆಡಿಟರ್:
ರೇಸ್ ಕೌಶಲದ ಆಟ ಅಂತ 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಸರಿ. ಆದರೆ ತೆರಿಗೆ ನೋಡಿ. 2023ರ ಅಕ್ಟೋಬರ್‌ನಿಂದ ಕಟ್ಟಿದ ಪೂರ್ತಿ ಮೊತ್ತದ ಮೇಲೆ 28% ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ 40%. ಇದನ್ನು ದಾಟಿ ಲಾಭ ಮಾಡಬೇಕಾದರೆ ಯಜಮಾನರ ತಾಳ್ಮೆಯೂ ಸಾಲದು. ನನ್ನ ಕಕ್ಷಿದಾರರಿಗೆ ಹೋಗಬೇಡಿ ಅನ್ನುವುದಿಲ್ಲ, ಸಿನಿಮಾ ಖರ್ಚು ಅಂದುಕೊಂಡು ಹೋಗಿ ಅನ್ನುತ್ತೇನೆ.

ಮದ್ದೂರಿನವ:
ಜಾಕ್‌ಪಾಟ್ ಆದರೆ ಪರವಾಗಿಲ್ಲ ಅನ್ನುತ್ತಾರೆ ಮಾವ?

ಟೋಟ್ ಕಿಟಕಿ:
ಐದು ರೇಸಲ್ಲೂ ಗೆಲ್ಲುವ ಕುದುರೆ ಹೇಳಬೇಕು ಸ್ವಾಮಿ. ಒಂದೊಂದಕ್ಕೂ ಎರಡೆರಡು ಕುದುರೆ ಹಾಕಿದರೆ 32 ಟಿಕೆಟ್ ದುಡ್ಡು. ಮೂರು ಮೂರು ಹಾಕಿದರೆ 243. ಮಾವ ಎಷ್ಟೆಷ್ಟು ಹಾಕುತ್ತಾರೆ, ಕೇಳಿ ನೋಡಿ.