ಅಣ್ಣನ ಕುಡಿತ ಬಿಡಸಾಕ ಯಾರ ಹತ್ರ ಹೋಗಬೇಕ್ರಿ?

ಜಮಖಂಡಿಯಿಂದ: ಆಕ್ಸಿಡೆಂಟ್‌ನ್ಯಾಗ ಗೆಳೆಯ ಕಣ್ಮುಂದ ಸತ್ತಾಗಿಂದ ನಮ್ಮಣ್ಣ ಕುಡ್ಯಾಕ ಹತ್ಯಾನ್ರಿ, ರಾತ್ರಿ ಲಾರಿ ಹಾರ್ನ್ ಕೇಳಿದ್ರ ಸಾಕು ಬೆವತು ಎದ್ದು ಕುಂದರ್ತಾನ, ಕೋಣ್ಯಾಗ ಕೂಡಿ ಹಾಕಿ ಬಿಡಿಸಿದ್ರ ಆಗ್ತದೇನ್ರಿ?

ವಿಜಯಪುರದಿಂದ: ಹಂಗ ಮಾತ್ರ ಮಾಡಬ್ಯಾಡ್ರಿ ಅಕ್ಕಾರ! ದಿನಾ ಜಾಸ್ತಿ ಕುಡಿಯೋರು ಒಮ್ಮೆಲೆ ಬಿಟ್ರ ಕೈ ನಡುಗಿ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಮೊದ್ಲ ಸೈಕಿಯಾಟ್ರಿಸ್ಟ್‌ಗೆ ತೋರಸ್ರಿ, ಧಾರವಾಡದಾಗ ಡಿಮ್ಹಾನ್ಸ್ ಅಂತ ಸರ್ಕಾರಿ ಮಾನಸಿಕ ಆಸ್ಪತ್ರಿ ಐತಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಐತಿ, ನಂಬರ್ 14416, ಫ್ರೀ, ಹಗಲು ರಾತ್ರಿ ಕನ್ನಡದಾಗ ಮಾತಾಡ್ತಾರ, ಅಣ್ಣಾರು ಒಪ್ಪದಿದ್ರ ನೀವ ಫೋನ್ ಹಚ್ರಿ.

ಬೆಳಗಾವಿಯಿಂದ: ಗುಳಿಗಿ ಜೊತಿ ಕೌನ್ಸೆಲಿಂಗೂ ಬೇಕ್ರಿ, ಬರೇ ಕುಡಿತ ಹಿಡಕೊಂಡು ಆ ಆಕ್ಸಿಡೆಂಟ್ ಮಾತ ಬಿಟ್ರ ತಿರಗಿ ಬಾಟ್ಲಿ ಹಿಡಿಯೋ ಸಾಧ್ಯತೆ ಜಾಸ್ತಿ. ಛಲೋ ಥೆರಪಿಸ್ಟ್ ಮೊದಲ ದಿನಾನ ಎಲ್ಲಾ ಹೇಳು ಅಂತ ಒತ್ತಾಯ ಮಾಡಂಗಿಲ್ಲ, ಮೊದ್ಲ ನಿದ್ದಿ, ಗಾಬರಿ ನೋಡ್ತಾರ, ಆಮ್ಯಾಲ ನಿಧಾನಕ್ಕ ಆ ನೆನಪಿಗೆ ಕೈ ಹಚ್ಚತಾರ.