ಆರದ ದೀಪ, 87 ಪರ್ಸೆಂಟು

"ಹಾಕ್ಬಿಟ್ಟೆ ಕಣ್ರಪ್ಪಾ, ಬಾಗ್ಲು ಹಾಕ್ಬಿಟ್ಟೆ!" ಅಂತ ನಂಜಪ್ಪ ಕೈ ಕೊಡವಿಕೊಂಡು ಬಂದಾಗ ಮಹಾರಾಜ ಪಾರ್ಕಿನ ಹತ್ತಿರದ ಕಾಫಿ ಗಾಡಿಯ ಮುಂದಿದ್ದವರಿಗೆಲ್ಲ ಎದೆ ಧಸಕ್ಕೆಂದಿತು. ವರ್ಷಕ್ಕೊಮ್ಮೆ ತೆಗೆಯುವ ಹಾಸನಾಂಬೆ ಗುಡಿಯ ಬಾಗಿಲು ತೆಗೆದು ಇನ್ನೂ ನಾಲ್ಕೇ ದಿನ. ಗಿರಿಜಕ್ಕನ ತಂಗಿ ದರ್ಶನಕ್ಕೆ ಅಂತ ಮೈಸೂರಲ್ಲಿ ಬಸ್ಸು ಹತ್ತಿ ಆಗಿತ್ತು.

"ಅಯ್ಯೋ, ಇಷ್ಟು ಬೇಗ ಯಾರು ಹಾಕಿದ್ರೋ?"

"ಅಮ್ಮನ ಬಾಗ್ಲಲ್ಲ ಅಕ್ಕಾ, ಬೀರು ಬಾಗ್ಲು. ಮನು ಫೋನ್ ಒಳಗಿಟ್ಟು ಬೀಗ ಜಡ್ದೆ. ನೋಡಿ" ಅಂತ ಅಂಗಿ ಎತ್ತಿ ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈ ತೋರಿಸಿದ. ಬೆಳಿಗ್ಗೆ ಏಳೂವರೆಗೆ, ಖಾಲಿ ಹೊಟ್ಟೆಯಲ್ಲಿ ನೋಡುವಂಥದ್ದಲ್ಲ ಅದು.

"ರಾತ್ರಿ ಎರಡು ಗಂಟೇಲಿ ಎದ್ದು ನೋಡ್ತೀನಿ, ರಗ್ಗೊಳಗೆ ಬೆಳಕು, ಗೇಮ್ ಆಡ್ತಾವ್ನೆ. ಬ್ಯಾಟರಿ 8 ಪರ್ಸೆಂಟಿಗೆ ಇಳ್ದು ಕೆಂಪಗಾಗೈತೆ, ಆದ್ರೂ ಬಿಡ್ತಿಲ್ಲ ನನ್ಮಗ. ಸೆಕೆಂಡ್ ಪಿಯುಸಿ ಬೇರೆ. ಕಿತ್ಕೊಂಡು ಹಂಗೇ ಒಳಗೆ ಎಸ್ದೆ. ಅಲ್ಲೇ ಸಾಯ್ಲಿ ಅದು."

"ಬಾಳೆಕಂದು ತಂದಿಟ್ಕೊಂಡಿದೀಯಾ?" ಅಂದ ಸೀನ.

"ಯಾತಕ್ಕೆ?"

"ತೆಗೆಯೋವಾಗ ಬೇಕಲ್ಲಪ್ಪಾ. ಅಲ್ಲಿ ಬಾಳೆಕಂದು ಕಡಿದಲ್ಲವಾ ಬಾಗಿಲು ತೆಗೆಯೋದು. ಟಿಕೆಟ್ಟೂ ಈಗಲೇ ತೀರ್ಮಾನ ಮಾಡ್ಬಿಡು. 1000 ರೂಪಾಯಿದೊಂದು ಸಾಲು, 300 ರೂಪಾಯಿದೊಂದು ಸಾಲು, ಬಿಟ್ಟಿ ಸಾಲು ಸಂತೇಪೇಟೆ ಮುಟ್ಟಲಿ. ನಿಮ್ಮವ್ವ ಮೊಮ್ಮಗನಿಗೆ ಅಂತ ಪಾಸ್ ಕೇಳ್ತಾರೆ, ಆಗೇನು ಮಾಡ್ತೀಯಾ?"

ಅಕ್ಟೋಬರಿನ ಹಾಸನದಲ್ಲಿ ಪಾಸಿನ ಮಾತು ಎದ್ದರೆ ಇನ್ನೊಂದು ಮಾತು ಏಳಲು ಹತ್ತು ನಿಮಿಷ ಬೇಕು. ಯಾರಿಗೆ ಸಿಕ್ಕಿತು, ಯಾರ ಬೀಗರಿಗೆ ಸಿಕ್ಕಿತು, ಪಾಸಿದ್ದೂ ನಾಲ್ಕು ಗಂಟೆ ನಿಂತವರು ಯಾರು, ಎಲ್ಲ ಮುಗಿದ ಮೇಲೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ಏನೇ ಹೇಳಿ, ಇದು ತಂದೆತಾಯಿಗಳ ಹೊಣೆ. ಮನೆಯೇ ಮೊದಲ ಪಾಠಶಾಲೆ."

"ಹೊಣೆ ಅಂತೀರಲ್ಲ ಮೇಷ್ಟ್ರೇ, ಫೋನ್ ಕೊಡ್ಸಿ ಅಂದೋರ್ಯಾರು? ಲಾಕ್‌ಡೌನಲ್ಲಿ ನಿಮ್ಮ ಇಸ್ಕೂಲಿನೋರೇ ತಾನೆ? ಕ್ಲಾಸು ಫೋನಲ್ಲಿ, ಹೋಂವರ್ಕು ಫೋನಲ್ಲಿ. ಆಲೂಗಡ್ಡೆಗೆ ಅಂಗಮಾರಿ ಬಿದ್ದಿತ್ತು, ಅಂಥದ್ರಲ್ಲಿ ಸಾಲ ಮಾಡಿ ತಂದೆ. ಈಗ ನೀವೇ 'ಯಾಕಪ್ಪಾ ಕೊಡ್ಸಿದೆ' ಅಂದ್ರೆ?"

"ಇಬ್ಬರ ಕೈಲೂ ಆಗೋದಲ್ಲ ಬಿಡಿ, ಕಾನೂನೇ ಬರಬೇಕು" ಅಂದರು ಲಾಯರು. ಅವರಿಗೆ ಸೊಳ್ಳೆ ಕಚ್ಚಿದರೂ ಕಾನೂನೇ ಬರಬೇಕು. "ಚೀನಾ ನೋಡಿ. 2021ರ ಸೆಪ್ಟೆಂಬರಿಂದ 18 ತುಂಬದವರಿಗೆ ಆನ್‌ಲೈನ್ ಆಟ ಶುಕ್ರವಾರ, ಶನಿವಾರ, ಭಾನುವಾರ, ಹಬ್ಬದ ರಜಾ, ಇಷ್ಟೇ ದಿನ. ಅದೂ ರಾತ್ರಿ 8ರಿಂದ 9. ಒಂದೇ ಗಂಟೆ."

"ಹಾಸನಾಂಬೆ ಪದ್ಧತಿ!" ಅಂದ ಸೀನ. "ಮಿಕ್ಕ ದಿನ?"

"ಬಾಗಿಲು ಬಂದ್."

"ಅಜ್ಜನ ಹೆಸರಲ್ಲಿ ಅಕೌಂಟ್ ತೆಗೆದ್ರೆ?"

ಲಾಯರು ಕಾಫಿ ಊದಿದರು. "ತೆಗೀತಾರಂತೆ. ಅದಕ್ಕೇ ಅಲ್ಲೊಂದು ದೊಡ್ಡ ಕಂಪನಿ ಮುಖ ನೋಡಿ ಒಳಗೆ ಬಿಡೋ ಹಂಗೆ ಮಾಡಿದೆ."

"ಅಜ್ಜನ್ನೇ ಎಬ್ಬಿಸಿ ಮುಖ ತೋರಿಸಿದ್ರೆ?"

"ಕೊರಿಯಾದಲ್ಲಿ..." ಅಂತ ಲಾಯರು ದೇಶ ಬದಲಾಯಿಸಿದರು. ದಕ್ಷಿಣ ಕೊರಿಯಾ 2011ರಲ್ಲಿ ತಂದ ಕಾಯ್ದೆ ಪ್ರಕಾರ 16 ತುಂಬದವರಿಗೆ ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಆಟ ಬಂದ್. ಹತ್ತು ವರ್ಷ ಇಟ್ಟುಕೊಂಡು 2022ರ ಹೊತ್ತಿಗೆ ಕೈಬಿಟ್ಟರು.

"ಯಾಕೆ?"

"ಕಾಯ್ದೆ ಇದ್ದದ್ದು ಕಂಪ್ಯೂಟರ್ ಆಟಕ್ಕೆ. ಮಕ್ಕಳೆಲ್ಲ ಅಷ್ಟರಲ್ಲಿ ಮೊಬೈಲಿಗೆ ಹೋಗಿದ್ರು."

"ಅಂದ್ರೆ ಪೊಲೀಸರು ಮುಂಬಾಗಿಲಲ್ಲೇ ಕಾಯ್ತಾ ಕೂತಿದ್ರು, ಹೈಕಳು ಹಿತ್ತಲಲ್ಲಿ ಹಾರಿ ಕಾಲೇಜು ಮುಗಿಸಿ ಮದುವೆನೂ ಆದ್ರು ಅನ್ನಿ."

ನಮ್ಮ ದೇಶದ್ದೂ ಬಂತು. 2020ರ ಸೆಪ್ಟೆಂಬರಲ್ಲಿ ಪಬ್‌ಜಿ ನಿಷೇಧ. ಮರುವರ್ಷ ಬೇರೆ ಹೆಸರಿಟ್ಟುಕೊಂಡು ಹಾಜರ್. 2022ರಲ್ಲಿ ಮತ್ತೆ ಮಾಯ, 2023ರಲ್ಲಿ ಮತ್ತೆ ಪ್ರತ್ಯಕ್ಷ. ನಮ್ಮೂರ ಕಡೆ ಮುಂಗಾರಲ್ಲಿ ಕರೆಂಟು ಹೋಗಿಬರುವ ಹಾಗೆ.

"ಆದ್ರೆ ಕೊನೇ ಸಲ ಕರಾರಿನ ಮೇಲೆ ಬಂದದ್ದು" ಅಂದರು ಲಾಯರು. "18ರ ಒಳಗಿನವರಿಗೆ ದಿನಕ್ಕೆ 3 ಗಂಟೆ, ದೊಡ್ಡವರಿಗೆ 6."

"6 ಗಂಟೆ? ಅದು ಮಿತಿ ಅಲ್ಲ ಲಾಯರೇ, ಡ್ಯೂಟಿ! ಮಧ್ಯೆ ಊಟಕ್ಕೆ ಬಿಡ್ತಾರಾ? ಪಿಎಫ್ ಹಿಡೀತಾರಾ?"

"ದುಡ್ಡು ಕಟ್ಟಿ ಆಡೋದನ್ನಂತೂ 2025ರ ಆಗಸ್ಟಲ್ಲಿ ಕೇಂದ್ರದ ಕಾಯ್ದೇಲೇ ನಿಲ್ಸಿದಾರೆ."

"ನನ್ಮಗ ದುಡ್ಡು ಕಟ್ಟಲ್ಲ ಸಾರ್" ಅಂದ ನಂಜಪ್ಪ, "ಬರೀ ನಿದ್ದೆ ಕಟ್ತಾನೆ. ಅದಕ್ಕೆ ಯಾವ ಸೆಕ್ಷನ್ನು?"

ಗಿರಿಜಕ್ಕ ಮೂವತ್ತು ವರ್ಷ ನರ್ಸಾಗಿದ್ದವರು. ಲಾಯರ ಬಾಯಿ ನಿಂತದ್ದು ನೋಡಿ ನುಗ್ಗಿದರು. ಆಟ ಆಡಿದ ಮಾತ್ರಕ್ಕೆ ರೋಗ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ಪಟ್ಟಿಗೆ ಸೇರಿಸಿ 2022ರ ಜನವರಿಯಿಂದ ಜಾರಿ ಮಾಡಿರೋದಕ್ಕೆ ಲಕ್ಷಣ ಇದೆ. ನಿಲ್ಲಿಸೋಣ ಅಂದರೂ ಆಗಬಾರದು, ಊಟ ನಿದ್ದೆ ಓದಿಗಿಂತ ಅದೇ ಮುಂದಾಗಬೇಕು, ಹಾಳಾಗ್ತಿದೀನಿ ಅಂತ ಗೊತ್ತಿದ್ದೂ ಆಡ್ತಿರಬೇಕು, ಸಾಮಾನ್ಯವಾಗಿ 12 ತಿಂಗಳು.

"12 ತಿಂಗಳು ಕಾದ್ರೆ ರಿಸಲ್ಟೇ ಬಂದಿರುತ್ತಲ್ಲಕ್ಕಾ!"

"ಕಾಯೋದ್ಯಾಕೆ, ನಿಮ್ಹಾನ್ಸಿಗೆ ಕರ್ಕೊಂಡು ಹೋಗು. ಇದಕ್ಕೇ ಅಂತ 2014ರಿಂದ ಕ್ಲಿನಿಕ್ ನಡೆಸ್ತಿದಾರೆ. ಶಟ್ ಅಂತ ಅದರ ಹೆಸರು."

"ನೋಡಿದ್ರಾ" ಅಂದ ಸೀನ, "ಅವರೂ ಬಾಗಿಲು ಹಾಕಿಯೇ ಬೋರ್ಡ್ ಬರೆಸಿರೋದು."

ಮೇಷ್ಟ್ರಿಗೆ ಮಾತು ಕೈತಪ್ಪುತ್ತಿದೆ ಅನ್ನಿಸಿರಬೇಕು, ಸೀದಾ ಹಸ್ತಿನಾವತಿಗೆ ಹೋದರು. ಧರ್ಮರಾಯನಂಥ ಧರ್ಮರಾಯನೇ ಎಲ್ಲ ಕಳೆದುಕೊಂಡು, ಹೆಂಡತಿಯನ್ನೂ ಒತ್ತೆ ಇಟ್ಟು, ಹೇಗೋ ಬಿಡಿಸಿಕೊಂಡು ಹೊರಟವನು, ಮತ್ತೆ ಕರೆದರು ಅಂತ ವಾಪಸ್ ಬಂದು ಕೂತನಲ್ಲ. ಸಂಯಮ ಇಲ್ಲದಿದ್ದರೆ ಹೀಗೇ.

"ಒಂದೇ ಒಂದು ಗೇಮ್, ಲಾಸ್ಟ್ ಗೇಮ್" ಅಂದ ಸೀನ. "ಮನುನೂ ಹಂಗೇ ಅಂತಾನೆ. ಸರಿ ಮೇಷ್ಟ್ರೇ, ಅವತ್ತು ಮನೆಯ ಹಿರೀಕ ಯಾರು? ಧೃತರಾಷ್ಟ್ರ. ವಿದುರ ನಿಲ್ಲಿಸಿ ನಿಲ್ಲಿಸಿ ಅಂತ ಬಡ್ಕೊಳ್ತಿದ್ರೆ ಈ ಮುದುಕ ಏನು ಕೇಳ್ತಿದ್ದ? 'ಗೆದ್ರಾ? ಗೆದ್ರಾ?' ಕಣ್ಣು ಕಾಣದಿದ್ರೂ ಸ್ಕೋರು ಬೇಕು! ಬೀಗದ ಕೈ ಇದ್ದದ್ದು ಅಂಥೋನ ಉಡಿದಾರದಲ್ಲಿ."

ಎಲ್ಲರೂ ನಂಜಪ್ಪನ ಸೊಂಟದ ಕಡೆ ನೋಡಿದರು. ಮದುವೆ ಮನೆಗಳಲ್ಲಿ ವರಪೂಜೆ ರಾತ್ರಿ ಕೂತು ಬೆಳಿಗ್ಗೆ ಧಾರೆಯ ವಾಲಗಕ್ಕೆ ಇಸ್ಪೀಟಿನಿಂದ ಎದ್ದವನು ಅವನು. ಅಂಗಿ ಕೆಳಗೆ ಎಳೆದುಕೊಂಡ.

ದೀಪಾವಳಿ ಕಳೆಯಿತು. ಅಮ್ಮನ ಬಾಗಿಲು ಹಾಕಿದರು. ಬ್ಯಾರಿಕೇಡಿನ ಗಳ ಇನ್ನೂ ರಸ್ತೆ ಬದಿಯಲ್ಲಿ ಬಿದ್ದಿದ್ದವು. ಸಣ್ಣಗೆ ಜಡಿ ಹಿಡಿದಿತ್ತು. ನಂಜಪ್ಪ ಪ್ಲಾಸ್ಟಿಕ್ ಕವರಲ್ಲಿ ಫೋನ್ ಸುತ್ತಿಕೊಂಡು ಬಂದ.

"ಪಾಪ, ಎಷ್ಟು ದಿನ ಅಂತ ಬೀರಲ್ಲಿಡಾದು. ಬಿ.ಎಂ. ರೋಡಲ್ಲಿ ಒಬ್ಬ ಹುಡುಗ ಯಾವ್ದೋ ಆ್ಯಪ್ ಹಾಕ್ಕೊಡ್ತಾನಂತೆ. ಇಷ್ಟು ಹೊತ್ತು ಅಂತ ಇಟ್ರೆ ಫೋನ್ ತಾನೇ ಮುಚ್ಕೊಳ್ತದಂತೆ."

ಸೀನನಿಗೆ ಎಲ್ಲಿ ಮುಟ್ಟಬಾರದೋ ಅಲ್ಲೇ ಮುಟ್ಟಿದ್ದ.

"ಆ್ಯಪು! ಆಟ ಆಡೋಕೊಂದು ಆ್ಯಪು, ಆಡದಂಗೆ ತಡೆಯೋಕೊಂದು ಆ್ಯಪು. ಫೋನ್ ನೋಡ್ಬೇಡ ಅಂತ ಫೋನೇ ಟಿಂಗ್ ಅಂತ ಹೇಳುತ್ತೆ, ಅದನ್ನ ನೋಡೋಕೆ ಫೋನ್ ತೆಗೀಬೇಕು. ನಮ್ಮಪ್ಪ ಒಂದು ಸಲ ಕೆಮ್ಮಿದ್ರೆ ಗೋಲಿ ತಾನಾಗೇ ಜೇಬಿಗೆ ಹೋಗ್ತಿತ್ತು. ಆ ಕೆಮ್ಮು ಯಾವ ಸ್ಟೋರಲ್ಲಿ ಸಿಗುತ್ತಪ್ಪಾ? ಹೋಗ್ಲಿ, ನಿನ್ನ ಹೆಸರಲ್ಲಿ ಅಕೌಂಟ್ ಬೇಕು, ಪಾಸ್‌ವರ್ಡ್ ಬೇಕು. ಇದೆಯಾ?"

"ಐತೆ." ನಂಜಪ್ಪ ತನ್ನ ಫೋನ್ ತೆಗೆದು ಮನೆಗೆ ಹಚ್ಚಿದ. "ಲೇ ಮನೂ, ನನ್ ಜೀಮೇಲ್ ಪಾಸ್‌ವರ್ಡ್ ಏನ್ಲಾ? ... ಹೂಂ ... ಎಂ ದೊಡ್ದಾ, ಚಿಕ್ಕದಾ? ... ಮನು ಅಟ್ ಒನ್ ಟು ತ್ರೀ..."

ಗಿರಿಜಕ್ಕನಿಗೆ ಕಾಫಿ ನೆತ್ತಿಗೆ ಹತ್ತಿತು. ಸೀನ ಒಂದು ಮಾತೂ ಆಡಲಿಲ್ಲ, ಆಡುವ ಅಗತ್ಯವೇ ಇರಲಿಲ್ಲ. ಸುಮ್ಮನೆ ಕವರಿನಿಂದ ಮನುವಿನ ಫೋನ್ ತೆಗೆದು ಗುಂಡಿ ಒತ್ತಿದ. ಒತ್ತಿದವನು ಕಣ್ಣಗಲಿಸಿ ಎರಡೂ ಕೈಯಲ್ಲಿ ಫೋನನ್ನು ಹಣೆಗೆ ಒತ್ತಿಕೊಂಡ.

"ಏನೋ ಅದು?"

"ದೀಪ ಆರಿಲ್ಲ ಮೇಷ್ಟ್ರೇ! ವರ್ಷದ ಮೇಲೆ ಬಾಗಿಲು ತೆಗೆದ್ರೂ ಗರ್ಭಗುಡೀಲಿ ದೀಪ ಉರೀತಿರುತ್ತೆ ಅಂತ ನಂಬ್ತೀವಲ್ಲ, ಹಂಗೇ. 8 ಪರ್ಸೆಂಟಿತ್ತು ಅಂತ ಇವನೇ ಹೇಳಿದ್ದು. ಬೀರು ಒಳಗೆ, ಬೀಗ ಹಾಕಿದ ಬೀರು ಒಳಗೆ, ಈಗ 87!"

"ಸ್ವಿಚಾಫ್ ಮಾಡಿಟ್ರೆ ಚಾರ್ಜ್ ಉಳಿಯುತ್ತೆ" ಅಂದರು ಲಾಯರು, ಕಕ್ಷಿದಾರನ ಪರವಾಗಿ.

"ಉಳಿಯುತ್ತೆ ಸ್ವಾಮಿ, ಮರಿ ಹಾಕಲ್ಲ. ಎಣ್ಣೆ ಹುಯ್ದೋರು ಯಾರು ನಂಜಪ್ಪಾ?"

ನಂಜಪ್ಪ ಜಡಿಮಳೆಯನ್ನೇ ಗಮನವಿಟ್ಟು ನೋಡಿದ.

"ಅವ್ನು ಅಂಥದ್ದೇನು ನೋಡ್ತಾನೆ ತಿಳ್ಕೊಳಾಣ ಅಂತ ಒಂದಿನ ತೆಗ್ದೆ. ಆನ್ ಮಾಡ್ತಿದ್ದಂಗೆ ಒಬ್ಬ ಗುಂಡು ಹೊಡೆಯೋಕೆ ಬಂದ. ಸುಮ್ನೆ ಹೊಡೆಸ್ಕೊಳಕ್ಕಾಯ್ತದಾ? ನೂರು ಜನ ಕಣಯ್ಯಾ ಮೇಲಿಂದ ಇಳಿಯಾದು. ಮೊದಮೊದ್ಲು ಇಳಿತಿದ್ದಂಗೇ ಸಾಯ್ತಿದ್ದೆ. ಮೊನ್ನೆ ಹನ್ನೊಂದನೆಯವ್ನಾಗಿ ಉಳ್ಕೊಂಡಿದ್ದೆ, ಅಷ್ಟರಲ್ಲಿ ಹಾಳಾದೋಳು ಹಾಲು ಕರೆಯೋಕೆ ಹೊತ್ತಾಯ್ತು ಅಂತ ಕೂಗಿದ್ಲು." ಸ್ವಲ್ಪ ತಡೆದು, "ಮನು ಕಿಟಕೀಲಿ ನೋಡ್ತಾ ಇದ್ನಂತೆ. 'ಅಪ್ಪಾ, ಮನೆಯೊಳಗೆ ಹೋಗಿ ಬಚ್ಚಿಟ್ಕೋ' ಅಂದ. ಮೂರು ವರ್ಷ ಆಗಿತ್ತು ಸೀನ, ಅವ್ನಾಗೇ ನನ್ನ ಮಾತಾಡ್ಸಿ."

ನಗುವುದಕ್ಕೆ ಬಾಯಿ ತೆರೆದವರು ತೆರೆದ ಹಾಗೇ ಇದ್ದರು. ಅಷ್ಟರಲ್ಲಿ ಮೇಷ್ಟ್ರ ಜುಬ್ಬಾದ ಜೇಬಿನಿಂದ ಟಿಂಗ್ ಅಂತ ಸಣ್ಣ ಸದ್ದು. ಮೇಷ್ಟ್ರು ಕೇಳಿಸದವರ ಹಾಗೆ ಕೊಡೆ ಬಿಡಿಸಿದರು. ಮತ್ತೆ ಟಿಂಗ್.

"ಸಂಯಮ ಬಂದಿದೆ ನೋಡಿ ಮೇಷ್ಟ್ರೇ" ಅಂದ ಸೀನ.

ಮೇಷ್ಟ್ರು ಕನ್ನಡಕ ಏರಿಸಿ ಫೋನ್ ತೆಗೆದರು. ಪರದೆ ತುಂಬ ಬಣ್ಣಬಣ್ಣದ ಮಿಠಾಯಿ. "ಏನಿಲ್ಲ, ಮಿಠಾಯಿ ಜೋಡಿಸೋದು. ಐದು ಜೀವ ಕೊಡ್ತಾರೆ. ಸೋತರೆ ಒಂದು ಹೋಗುತ್ತೆ, ತಾನಾಗಿ ತುಂಬೋಕೆ 30 ನಿಮಿಷ. ಬೇಡ ಅಂದ್ರೆ ಬೇರೆಯವರ ಹತ್ರ ಕೇಳಿ ಪಡೀಬಹುದು." ಅಂಗೈಯಿಂದ ಪರದೆಯ ಮೇಲಿನ ತುಂತುರು ಒರೆಸಿದರು. "ಟೆಕ್ಸಾಸಲ್ಲಿ ಮಗನಿಗೆ ಈಗ ರಾತ್ರಿ. ಮಗೂನ ಮಲಗಿಸಿ ಕೂತಿರ್ತಾನೆ. ಫೋನ್ ಮಾಡಿದ್ರೆ ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ರಾ, ಆಮೇಲೆ ಇಬ್ಬರಿಗೂ ಏನು ಮಾತಾಡೋದು ಗೊತ್ತಾಗಲ್ಲ. ಇದಾದ್ರೆ ದಿನಾ ಈ ಹೊತ್ತಿಗೆ ಒಂದು ಜೀವ ಕಳಿಸ್ತಾನೆ."

ಸೀನನ ನಾಲಿಗೆಯ ತುದಿಯಲ್ಲಿ ಏನೋ ಇತ್ತು. ಅದನ್ನು ಕಾಫಿಯ ಜೊತೆ ನುಂಗಿದ.

"ನಾನೂ ಒಂದು ವಾಪಸ್ ಕಳಿಸ್ಬೇಕು" ಅಂದರು ಮೇಷ್ಟ್ರು. "ಅವನು ಮಲಗೋದ್ರೊಳಗೆ. ಹೇಗೆ ಅಂತ ಗೊತ್ತಾಗ್ತಿಲ್ಲ."

ನಂಜಪ್ಪ ಕೊಡೆಯೊಳಗೆ ತೂರಿಕೊಂಡು, ಒದ್ದೆ ಕೈಯನ್ನು ಪಂಚೆಗೆ ಒರೆಸಿ, ಹೆಬ್ಬೆರಳು ಚಾಚಿದ.

"ಕೊಡಿ ಇಲ್ಲಿ. ಇದೋ, ಇಲ್ಲಿ ಒತ್ತಿ."