ಪಿಕಪ್‌ಗೆ ಮೊದಲು ಏನು ಹಾಕಿಸಲಿ? ಅನುಭವ ಇದ್ದವರು ಹೇಳಿ

ಹೊಸ ಗಾಡಿ:
ಡಬಲ್ ಕ್ಯಾಬ್ ಡೀಸೆಲ್, ಫೋರ್ ಬೈ ಫೋರ್. ತಗೊಂಡು ಎಂಟು ತಿಂಗಳಾಯ್ತು, ಇನ್ನೂ ಶೋರೂಮಿಂದ ಬಂದ ಹಾಗೇ ಇದೆ. ಪುಸ್ತಕದ ಪ್ರಕಾರ 950 ಕೆಜಿ ಹೊರುತ್ತೆ. ನಾನು, ಹೆಂಡತಿ, ಒಂಬತ್ತು ವರ್ಷದ ಮಗ, ಆರು ವರ್ಷದ ಮಗಳು. ಜನ, ನೆಟ್‌ವರ್ಕ್ ಎರಡೂ ಇಲ್ಲದ ಕಡೆ ನಾಲ್ಕು ರಾತ್ರಿ ಇರೋ ಹಾಗೆ ರೆಡಿ ಮಾಡ್ಬೇಕು. ಈ ವರ್ಷ ಒಂದೇ ದೊಡ್ಡ ಕೆಲಸಕ್ಕೆ ದುಡ್ಡು ಸಾಕಾಗೋದು: ಲಿಫ್ಟ್ (ಸಸ್ಪೆನ್ಷನ್ ಎತ್ತರಿಸೋದು) ಮತ್ತು ಟೈರ್, ಇಲ್ಲಾ ಗಾಡಿ ಮೇಲೆ ಬಿಚ್ಚೋ ರೂಫ್ ಟೆಂಟ್, ಇಲ್ಲಾ ವಿಂಚ್ (ಸಿಕ್ಕಿಕೊಂಡ ಗಾಡಿ ಎಳೆಯೋ ಮೋಟರ್, ಹಗ್ಗ). ಯಾವುದು ಮೊದಲು? ಮಗಳು ರಾತ್ರಿ ಎರಡು ಸಲ ಏಳ್ತಾಳೆ, ರೂಫ್ ಟೆಂಟ್ ಆದ್ರೆ ಏಣಿಯಿಂದ ಅವಳನ್ನ ಇಳಿಸೋದು ಹೇಗೆ ಅನ್ನೋ ಚಿಂತೆನೂ ಇದೆ.

ಹಳೇ ಡೀಸೆಲ್:
ಮೂರೂ ಬೇಡ. ಮೊದಲು ಗಾಡೀನ ವೇಬ್ರಿಡ್ಜ್ ಮೇಲೆ ನಿಲ್ಲಿಸಿ. ನನ್ನ ಗಾಡಿ ಚಾಸಿ ಬಗ್ಗಿ ಹೋಗಿದೆ ಸ್ವಾಮಿ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ನನ್ನದೂ 950ರ ಗಾಡಿನೇ. ಕ್ಯಾನೊಪಿ (ಲೋಡ್ ಬಾಡಿ ಮೇಲಿನ ಗೂಡು) 120 ಕೆಜಿ. ಡ್ರಾಯರ್ 90. ರೂಫ್ ಟೆಂಟ್ 70. ಬುಲ್‌ಬಾರ್ (ಮುಂದಿನ ಕಬ್ಬಿಣದ ಗಾರ್ಡ್) 60, ವಿಂಚ್ 40. ಎರಡನೇ ಬ್ಯಾಟರಿ 30. ನೀರು 80 ಲೀಟರ್, ಅಂದ್ರೆ 80 ಕೆಜಿ. ತುಂಬಿದ ಫ್ರಿಜ್ 50. ಎರಡು ಜೆರಿಕ್ಯಾನ್ ಡೀಸೆಲ್ 42. ಇನ್ನೊಂದು ಸ್ಟೆಪ್ನಿ 40. ಅಲ್ಲಿಗೇ 622. ನಾವು ನಾಲ್ಕು ಜನ 260. ಕುರ್ಚಿ, ಒಲೆ, ಬಟ್ಟೆ, ಟೂಲ್ಸ್ 110. ಒಟ್ಟು 992. ಒಂದೊಂದು ಕೊಳ್ಳುವಾಗಲೂ ಇದೇನು ಮಹಾ ಭಾರ ಅಂದ್ಕೊಂಡೇ ಕೊಂಡಿದ್ದು.

ಬರೀ 42 ಕೆಜಿ ಜಾಸ್ತಿ ಅಂತ ಹೇಳ್ಬೇಡಿ. ಫ್ರಿಜ್, ನೀರು, ಸ್ಟೆಪ್ನಿ ಎಲ್ಲಾ ಹಿಂದಿನ ಎಕ್ಸೆಲ್‌ಗಿಂತ ಹಿಂದೆ ಕೂತಿತ್ತು. ಗಾಡಿ ಹಿಂಭಾಗ ಕುಸೀತು ಅಂತ ಸ್ಪ್ರಿಂಗ್‌ಗೆ ಆಸರೆಯಾಗಿ ಗಾಳಿ ತುಂಬೋ ಏರ್‌ಬ್ಯಾಗ್ ಹಾಕಿಸಿದೆ. ನೋಡೋಕೆ ನೆಟ್ಟಗೆ ನಿಂತಿತು, ಭಾರ ಎಲ್ಲಿಗೂ ಹೋಗಿರಲಿಲ್ಲ. ಲೀಫ್ ಸ್ಪ್ರಿಂಗ್ ತನ್ನ ಭಾರವನ್ನ ಎರಡು ತುದಿಯಿಂದ ಚಾಸಿಗೆ ಹಂಚುತ್ತೆ, ಏರ್‌ಬ್ಯಾಗ್ ನಡುವಿನ ಒಂದೇ ಜಾಗಕ್ಕೆ ಗುದ್ದುತ್ತೆ. ಒಣ ಹಳ್ಳ ದಾಟುವಾಗ 'ದಬ್' ಅಂತು. ಇಳಿದು ನೋಡಿದ್ರೆ ಕ್ಯಾಬ್‌ಗೂ ಲೋಡ್ ಬಾಡಿಗೂ ನಡುವಿನ ಸಂದು ಮೇಲೆ ಮೂರು ಬೆರಳು, ಕೆಳಗೆ ಒಂದು ಬೆರಳು. ತೂಕ ಮಿತಿ ಮೀರಿದೆ ಅಂತ ಇನ್ಶೂರೆನ್ಸ್‌ನವರು ಕೈ ಎತ್ತಿದ್ರು. ಗಾಡಿ ಗ್ಯಾರೇಜಲ್ಲಿ 71 ದಿನ ಇತ್ತು. ಐದು ತಿಂಗಳ ಸಂಬಳ ಅದಕ್ಕೇ ಹೋಯ್ತು.

ಕೆಸರು ಚಕ್ರ:
ಲೋಡ್ ಹಾಕೋದು ಗೊತ್ತಿಲ್ಲದವರು ಹೊಸಬರನ್ನ ಹೆದರಿಸೋದು ಸರಿಯಲ್ಲ. ಲಿಫ್ಟ್, ಟೈರ್ ಮೊದಲು, ಅದರಲ್ಲಿ ಎರಡು ಮಾತಿಲ್ಲ. ನಾನು ಎರಡು ಇಂಚು ಎತ್ತಿಸಿ 285/70 ಆರ್ 17 ಅಳತೆಯ ದೊಡ್ಡ ಟೈರ್ ಹಾಕಿದ್ದೀನಿ, ಮೊದಲಿದ್ದದ್ದು 265/65. ತೊಂದರೆ ಬಂದಿಲ್ಲ ಅಂತ ಸುಳ್ಳು ಹೇಳಲ್ಲ. ಅಲೈನ್‌ಮೆಂಟ್ ಮೂರು ಸಲ ಮಾಡಿಸಿದೆ. ಮುಂದಿನ ಎಕ್ಸೆಲ್ ಕೋನ ಬದಲಾಗಿ ಸಿವಿ ಬೂಟ್ (ಎಕ್ಸೆಲ್ ಕೀಲಿನ ರಬ್ಬರ್ ಹೊದಿಕೆ) 9,000 ಕಿಮೀಗೇ ಹರೀತು, ಗ್ರೀಸೆಲ್ಲ ಚಕ್ರದ ಒಳಗೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರೆ ಟೈರ್ ಉಜ್ಜುತ್ತಿತ್ತು, ಒಳಗಿನ ಲೈನರ್ ಕತ್ತರಿಸಬೇಕಾಯ್ತು. ಸ್ಟೆಪ್ನಿ ಕೆಳಗೆ ಹಿಡೀಲಿಲ್ಲ, ಅದಕ್ಕೊಂದು ಬೇರೆ ಸ್ಟ್ಯಾಂಡ್. ಮೀಟರ್ 100 ತೋರಿಸಿದಾಗ ಗಾಡಿ ಓಡೋದು 107. ಮೈಲೇಜ್ 11ರಿಂದ 9ಕ್ಕೆ ಬಂತು. ಆದ್ರೆ ಮೂರು ವರ್ಷದಲ್ಲಿ ಒಂದು ಸಲನೂ ಗಾಡಿ ಹೊಟ್ಟೆ ಬಂಡೆಗೆ ತಾಗಿಲ್ಲ. ಆ ನೆಮ್ಮದಿಗೆ ಕೊಟ್ಟ ಪ್ರತಿ ಪೈಸೆಯೂ ಸಾರ್ಥಕ.

ಲೋ ರೇಂಜ್:
ನಾಲ್ಕು ವರ್ಷ ಲಿಫ್ಟ್ ಇಲ್ಲದೆ ಓಡಿಸಿದ್ದೀನಿ. ಒಳ್ಳೆ ಆಲ್ ಟೆರೇನ್ ಟೈರ್, ಹಿಂದಿನ ಡಿಫ್ ಲಾಕ್ (ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗಿಸೋದು), ಗಾಳಿ ಇಳಿಸೋ ಅಭ್ಯಾಸ, ಇಷ್ಟೇ. ಜಲ್ಲಿ ದಾರಿಗೆ 25 ಪಿಎಸ್‌ಐ, ಮರಳಿಗೆ 16. ಲಿಫ್ಟ್ ಹಾಕಿಸಿದ ಮೂರು ಗಾಡಿಗಳನ್ನ ಮರಳಿಂದ ನಾನೇ ಎಳೆದಿದ್ದೀನಿ. ಮೂರರಲ್ಲೂ 35 ಪಿಎಸ್‌ಐ ಗಾಳಿ ಹಾಗೇ ಇತ್ತು!

ನಾನು ಕೈ ಸುಟ್ಟುಕೊಂಡಿದ್ದು ಟೈರಿಗೆ ಗಾಳಿ ತುಂಬೋ ಕಂಪ್ರೆಸರ್‌ನಲ್ಲಿ. ಕಮ್ಮಿ ಬೆಲೆ ಅಂತ ತಗೊಂಡದ್ದು ಮೂರನೇ ಟೈರಿಗೆ ಹೊಗೆ ಬಿಟ್ಟು ಸತ್ತುಹೋಯ್ತು. ಎರಡು ಟೈರ್ 32, ಎರಡು ಟೈರ್ 16, ಹಾಗೇ 60 ಕಿಮೀ ತೆವಳಿಕೊಂಡು ಬಂದೆ, ಹಿಂದಿನ ಎಡಗಡೆ ಟೈರಿನ ಗೋಡೆ ಬಿಸಿಯಾಗಿ ಹಾಳಾಯ್ತು. ಎರಡನೇ ಕಂಪ್ರೆಸರ್ ಬೆಲೆ ಮೊದಲನೇದರ ನಾಲ್ಕರಷ್ಟು. ಮೊದಲೇ ಅದನ್ನ ತಗೊಂಡಿದ್ರೆ ಒಂದು ಟೈರ್ ಉಳೀತಿತ್ತು. ರಿಕವರಿ ಬೋರ್ಡ್ (ಸಿಕ್ಕಿಕೊಂಡ ಚಕ್ರದ ಕೆಳಗೆ ಇಡೋ ಹಲಗೆ) ಕೂಡ ಒಂದು ಜೊತೆ ಕಳಕೊಂಡೆ. ಸಿಕ್ಕಿಕೊಂಡ ಗಾಬರೀಲಿ ಆಕ್ಸಿಲರೇಟರ್ ತುಳಿದೆ, ತಿರುಗೋ ಟೈರ್ ಅದರ ಹಲ್ಲುಗಳನ್ನೆಲ್ಲ ಕರಗಿಸಿಬಿಡ್ತು.

ಕೆಸರು ಚಕ್ರ:
ಮರಳಲ್ಲಿ ಓಡಿಸಿದವರು ಬಂಡೆ ಬಗ್ಗೆ ಮಾತಾಡ್ತಿದ್ದಾರೆ. ಎಳೆಯೋ ವಿಷಯಕ್ಕೆ ಬಂದ್ರೆ, ನನ್ನ ಗಾಡಿ ಹಿಂದೆ ಟೋ ಬಾಲ್ ಇದೆ, ಹಗ್ಗ ಸಿಕ್ಕಿಸಿ ಒಂದು ಜಗ್ಗು ಜಗ್ಗಿದ್ರೆ ಯಾವ ಗಾಡಿನೂ ಬರುತ್ತೆ. ನಿಮ್ಮ ಬೋರ್ಡ್ ಯಾಕೆ ಬೇಕು?

ಕಬ್ಬಿಣದ ಕೈ:
ಆ ಟೋ ಬಾಲ್ ಮಾತು ದಯವಿಟ್ಟು ವಾಪಸ್ ತಗೊಳ್ಳಿ. ಟೋ ಬಾಲ್ ಇರೋದು ಟ್ರೈಲರ್ ಎಳೆಯೋಕೆ. ಜಗ್ಗಿದಾಗ ಅದು ಮುರಿದ್ರೆ ಹಗ್ಗದ ಜೊತೆ ಗುಂಡಿನ ಥರ ಹಾರುತ್ತೆ, ಜನ ಸತ್ತಿದ್ದಾರೆ. ನನ್ನ ಮುಂದೇನೇ ಒಂದು ಮುರಿದು ಎದುರಿನ ಗಾಡಿ ವಿಂಡ್‌ಶೀಲ್ಡ್ ತೂತು ಮಾಡಿಕೊಂಡು ಖಾಲಿ ಸೀಟಿಗೆ ಹೊಡೀತು. ಎರಡು ನಿಮಿಷ ಮುಂಚೆ ಆ ಸೀಟಲ್ಲಿ ನನ್ನ ತಮ್ಮ ಕೂತಿದ್ದ. ಚಾಸಿಗೆ ಬೋಲ್ಟ್ ಮಾಡಿದ ರಿಕವರಿ ಪಾಯಿಂಟ್ ಇಲ್ಲದೆ ಯಾರೂ ಯಾರನ್ನೂ ಎಳೀಬೇಡಿ.

ನಾನು ವಿಂಚ್ ಪರ. 9,500 ಪೌಂಡಿನದ್ದು. ಆದ್ರೆ ಆ ಬಲ ಸಿಗೋದು ಡ್ರಮ್ ಮೇಲೆ ಹಗ್ಗದ ಕೊನೇ ಪದರ ಮಾತ್ರ ಉಳಿದಾಗ. ಹಗ್ಗ ಪೂರ್ತಿ ಸುತ್ತಿಕೊಂಡಿದ್ರೆ ಬಲ ಕಮ್ಮಿ. ಇದು ಗೊತ್ತಿಲ್ಲದೆ ಮೊದಲ ವರ್ಷ ಮೋಟರ್ ಸುಟ್ಟೆ. ಆಮೇಲೆ ಪುಲ್ಲಿ ತಗೊಂಡೆ, ಹಗ್ಗ ಮಡಚಿ ಎಳೆದ್ರೆ ಬಲ ಹೆಚ್ಚುಕಮ್ಮಿ ಎರಡರಷ್ಟು.

ಕೆಸರು ಚಕ್ರ:
ಹನ್ನೊಂದು ಸಲ ಎಳೆದಿದ್ದೀನಿ, ಏನೂ ಆಗಿಲ್ಲ.

ಕಬ್ಬಿಣದ ಕೈ:
ನನ್ನ ತಮ್ಮನ ಮುಖ ನೋಡಿಕೊಂಡು ಆ ಮಾತು ಹೇಳೋಕಾಗುತ್ತಾ ನಿಮಗೆ?

ಎರಡನೇ ಬ್ಯಾಟರಿ:
ಜಗಳ ಆಮೇಲೆ. ನಾಲ್ಕು ರಾತ್ರಿ ಇರೋರಿಗೆ ಕರೆಂಟ್ ಮುಖ್ಯ. ನನ್ನ ಫ್ರಿಜ್ ದಿನಕ್ಕೆ 40 ಆಂಪಿಯರ್-ಅವರ್ ತಿನ್ನುತ್ತೆ. 100ರ ಎಜಿಎಂ (ಸೀಲ್ ಮಾಡಿದ ಲೆಡ್ ಬ್ಯಾಟರಿ) ಹಾಕಿದ್ದೆ. ಅದರಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಿದ್ರೆ ಆಯಸ್ಸು ಹೋಗುತ್ತೆ, ಅಂದ್ರೆ ಕೈಗೆ ಸಿಗೋದು 50. ಎರಡನೇ ರಾತ್ರಿಗೇ ಫ್ರಿಜ್ ಬಂದ್. ದೊಡ್ಡ ಬ್ಯಾಟರಿ ಹಾಕಿಸಿದೆ, ಆಗಲೂ ಬಂದ್! ಕೊನೆಗೆ ಮೀಟರ್ ಇಟ್ಟು ನೋಡಿದ್ರೆ ಬ್ಯಾಟರಿ ಹತ್ರ 12.4 ವೋಲ್ಟ್, ಫ್ರಿಜ್ ಹತ್ರ 11.3. ಆರು ಮೀಟರ್ ತೆಳು ವೈರ್ ಎಳೆದಿದ್ದ ಎಲೆಕ್ಟ್ರಿಷಿಯನ್. ವೈರ್‌ನಲ್ಲಿ ಉಳಿಸಿದ್ದು ಒಂದು ಊಟದ ದುಡ್ಡು, ಕಳಕೊಂಡದ್ದು ಎರಡು ಬ್ಯಾಟರಿ.

ಎರಡು ಬ್ಯಾಟರಿ ಜೋಡಿಸೋಕೆ ಬರೀ ರಿಲೇ ಹಾಕಿದ್ರೂ ಈಗಿನ ಗಾಡಿಗಳಲ್ಲಿ ಸಾಲದು. ಮುಂದಿನ ಬ್ಯಾಟರಿ ತುಂಬ್ತಾ ಇದ್ದ ಹಾಗೇ ಆಲ್ಟರ್ನೇಟರ್ ವೋಲ್ಟೇಜ್ ಇಳಿಸುತ್ತೆ, ಹಿಂದಿನದು ಅರೆಹೊಟ್ಟೆಯಲ್ಲೇ ಇರುತ್ತೆ. ವೋಲ್ಟೇಜ್ ಎತ್ತಿ ಹಿಂದಿನದನ್ನ ಪೂರ್ತಿ ತುಂಬಿಸೋ ಡಿಸಿ-ಡಿಸಿ ಚಾರ್ಜರ್ ಬೇಕೇ ಬೇಕು. ಈಗ 100ರ ಲಿಥಿಯಂ ಇದೆ, 12 ಕೆಜಿ. ಕಣ್ಣು ಮುಚ್ಚಿ ತಗೊಳ್ಳಿ.

ಲೋ ರೇಂಜ್:
ಕಣ್ಣು ಮುಚ್ಚಿ ಅಂದ್ರೆ ಹೇಗೆ? ಸೊನ್ನೆ ಡಿಗ್ರಿ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು. ನನ್ನದು ಒಂದು ಚಳಿ ಬೆಳಿಗ್ಗೆ ಚಾರ್ಜ್ ತಗೊಳ್ಳೋದನ್ನೇ ನಿಲ್ಲಿಸ್ತು.

ಎರಡನೇ ಬ್ಯಾಟರಿ:
ನಿಲ್ಲಿಸಿದ್ದಕ್ಕೇ ಅದು ಉಳೀತು. ಬ್ಯಾಟರಿ ಕಾಯೋ ಸರ್ಕ್ಯೂಟ್ ಇದೆಯಲ್ಲ, ಬಿಎಂಎಸ್, ಅದರ ಕೆಲಸವೇ ಅದು. ಅರ್ಧ ತಿಳ್ಕೊಂಡು ಬೈಬೇಡಿ.

ಹೊಸ ಗಾಡಿ:
ಎಲ್ಲರಿಗೂ ಧನ್ಯವಾದ. ಏಣಿ, ಮಗಳ ವಿಷಯ ಯಾರಾದ್ರೂ ಹೇಳ್ತೀರಾ?

ಕೆಸರು ಚಕ್ರ:
ಲಿಫ್ಟ್ ಹಾಕಿಸಿದ್ರೆ ಎರಡು ಇಂಚು ಹೆಚ್ಚು ಉದ್ದದ ಏಣಿ ತಗೊಳ್ಳಿ. ಇನ್ನು, ನೀರು ದಾಟೋದಾದ್ರೆ ಸ್ನಾರ್ಕೆಲ್ (ಇಂಜಿನ್ನಿಗೆ ಗಾಳಿ ಮೇಲಿಂದ ಎಳೆಯೋ ಕೊಳವೆ) ಮರೀಬೇಡಿ.

ಹಳೇ ಡೀಸೆಲ್:
ಸ್ನಾರ್ಕೆಲ್ ಇಂಜಿನ್ನಿಗೆ ಮಾತ್ರ. ಡಿಫರೆನ್ಷಿಯಲ್ (ಎಕ್ಸೆಲ್ ನಡುವಿನ ಗೇರ್ ಡಬ್ಬಿ) ಉಸಿರಾಡೋ ಬ್ರೀದರ್ ಕಿಂಡಿ ಎತ್ತರಿಸದೆ ನನ್ನ ಪರಿಚಯದವರೊಬ್ಬರು ಹೊಳೆಗಿಳಿದ್ರು. ಬಿಸಿ ಡಿಫ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ನೀರು ಎಳ್ಕೊಳ್ಳುತ್ತೆ. ಎಣ್ಣೆ ಹಾಲಿನ ಥರ ಆಗಿತ್ತು, ಬೇರಿಂಗ್ ಎಲ್ಲಾ ಹೊಸದು. ಅದಕ್ಕೆ ಬೇಕಾಗಿದ್ದದ್ದು ಎರಡು ಮೀಟರ್ ಪೈಪ್.

ಕೆಳಗಿನ ಟೆಂಟ್:
ಅಣ್ಣ, ನಮಗೂ ಆರು ವರ್ಷದ ಮಗಳಿದ್ದಾಗಲೇ ರೂಫ್ ಟೆಂಟ್ ತಗೊಂಡದ್ದು. ಮೊದಲ ಟ್ರಿಪ್ ಚೆನ್ನಾಗಿತ್ತು. ಎರಡನೇದರಲ್ಲಿ ರಾತ್ರಿ ಮೂರು ಗಂಟೆಗೆ, ಇಬ್ಬನಿಯಿಂದ ಏಣಿ ಒದ್ದೆ, ನನಗೆ ಕಾದಿರದೆ ಅವಳೇ ಇಳಿಯೋಕೆ ಹೋದಳು. ಮೇಲಿಂದ ಮೂರನೇ ಮೆಟ್ಟಿಲಲ್ಲಿ ಕಾಲು ಜಾರಿತು. ಮಣಿಕಟ್ಟು ಮುರೀತು. ಫೋನ್ ಸಿಗ್ನಲ್ ಇಲ್ಲ. ಆಸ್ಪತ್ರೆಗೆ ಹೊರಡೋಣ ಅಂದ್ರೆ ಟೆಂಟ್ ಗಾಡಿ ತಲೆ ಮೇಲೆ ಬಿಚ್ಚಿಕೊಂಡು ಕೂತಿದೆ! ಒಂದು ಕೈಲಿ ಅವಳನ್ನ ಎತ್ತಿಕೊಂಡು ಇನ್ನೊಂದು ಕೈಲಿ ಟಾರ್ಚ್ ಹಿಡಿದೆ, ಯಜಮಾನರು ಟೆಂಟ್ ಮಡಚಿ ಬೆಲ್ಟ್ ಕಟ್ಟೋಕೆ ಇಪ್ಪತ್ತೆರಡು ನಿಮಿಷ. ಆಮೇಲೆ ಐದು ಗಂಟೆ ದಾರಿ. ಅವಳು ಅಳಲೂ ಇಲ್ಲ, ಅದೇ ನನಗೆ ಹೆಚ್ಚು ಭಯ ಆಗಿದ್ದು.

ಬಂದ ತಿಂಗಳೇ ಅರ್ಧ ಬೆಲೆಗೆ ಮಾರಿದ್ವಿ. ಬಂದ ದುಡ್ಡಲ್ಲಿ ನೆಲದ ಟೆಂಟ್ ಮತ್ತು ಸ್ಯಾಟಲೈಟ್ ಮೆಸೆಂಜರ್ ತಗೊಂಡ್ವಿ. ಎಸ್‌ಒಎಸ್ ಗುಂಡಿ ಇದೆ, ಆಕಾಶ ಕಾಣಿಸಿದ್ರೆ ಮೆಸೇಜ್ ಹೋಗುತ್ತೆ, ತಿಂಗಳಿಗೆ ಚಂದಾ ಕಟ್ಟಬೇಕು. ಮಗಳು ಈಗ ಟೆಂಟ್ ಬಾಗಿಲ ಹತ್ರನೇ ಮಲಗ್ತಾಳೆ, ಟಾರ್ಚ್ ಅವಳ ಕೈಲೇ. ರಾತ್ರಿ ಎದ್ರೆ ಜಿಪ್ ತೆಗೆಯೋಕೆ ಮುಂಚೆ ನನ್ನ ಕಾಲು ಹಿಡಿದು ಎಳೀತಾಳೆ.

ಹಳೇ ಡೀಸೆಲ್:
ಅಮ್ಮಾ, ಆ ನೆಲದ ಟೆಂಟ್ ತೂಕ ಎಷ್ಟು?

ಕೆಳಗಿನ ಟೆಂಟ್:
19 ಕೆಜಿ, ಕಂಬ, ಗೂಟ, ನೆಲಹಾಸು ಸೇರಿ. ಲೋಡ್ ಬಾಡಿಯಲ್ಲಿ ಕ್ಯಾಬ್‌ಗೆ ಒತ್ತಿ ಇಡ್ತೀವಿ, ಎಕ್ಸೆಲ್ ಹಿಂದೆ ಅಲ್ಲ.